ನಾಲ್ಕು ಮನೆಯ ಬಾಳು

ಆಗಿನ ನಮ್ಮ ಓಣಿಯಲ್ಲಿ ಮಾತೆಂದರೆ ಕೂಗು. ಗಡಿಯಾಚೆ ಕೊಲ್ಹಾಪುರ ಜಿಲ್ಲೆಯಲ್ಲಿ, ಇಚಲಕರಂಜಿಗೆ ಅಂಟಿಕೊಂಡ ಕಬನೂರಿನಲ್ಲಿ ಮನೆಗೊಂದು ತಗಡಿನ ಪತ್ರಾಸಿನ ಶೆಡ್ಡು, ಶೆಡ್ಡಿನೊಳಗೆ ನಾಲ್ಕೋ ಆರೋ ಮಾಗ. ಕರೆಂಟಿನ ಮಗ್ಗಕ್ಕೆ ನಾವು ಮಾಗ ಎನ್ನುತ್ತಿದ್ದೆವು. ಬೆಳಗಾದರೆ ಅವುಗಳ ಖಟಾಖಟ್ ಸದ್ದು ಶುರುವಾಗುತ್ತಿತ್ತು. ಆ ಸದ್ದಿನ ಮೇಲೆ ಹಾಯ್ದು ಮಕ್ಕಳ ಕಿವಿ ಮುಟ್ಟಬೇಕಾದರೆ ಉದ್ದನೆಯ ಹೆಸರು ಕೆಲಸಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಶಿವಪುತ್ರ ಶಿವ್ಯಾ ಆಗುತ್ತಿದ್ದ, ಮಹಾವೀರ ಮಹ್ಯಾ ಆಗುತ್ತಿದ್ದ, ಸಲೀಮ ಸಲ್ಯಾ ಆಗುತ್ತಿದ್ದ. ತೊಟ್ಟಿಲಲ್ಲಿಟ್ಟ ಹೆಸರು ಸಾಲಿಯ ಪುಸ್ತಕದಲ್ಲಿ ಮಲಗಿರುತ್ತಿತ್ತು. ಓಣಿಯಲ್ಲಿ ಓಡಾಡುತ್ತಿದ್ದದ್ದು ಎರಡಕ್ಷರದ ಹೆಸರು.

ಹೀಗೆ ನಮ್ಮ ಮರಾಠಿ ಸಾಲಿಯ ನಾಲ್ಕನೆಯ ಇಯತ್ತೆಯಲ್ಲಿ ನಾಲ್ವರು ಬಾಳು ಸೇರಿಕೊಂಡಿದ್ದೆವು. ನಾನು ಬಾಳಪ್ಪ. ಅಪ್ಪ ಕೆಟ್ಟ ಮಾಗಗಳನ್ನು ರಿಪೇರಿ ಮಾಡುವ ಜಾಬರ್. ಅವ್ವ ಲಾಳಿಯೊಳಗೆ ಇಡುವ ಕಾಂಡಿಗೆ ನೂಲು ಸುತ್ತುತ್ತಿದ್ದಳು. ಎರಡನೆಯವನು ಬಾಳಗೊಂಡ, ಶಿರೋಳ ಕಡೆಯ ಜೈನರ ಹುಡುಗ. ಅಲ್ಲಿ ಅವರಿಗೆ ಕಬ್ಬಿನ ಹೊಲ. ಓದಲೆಂದು ಕಬನೂರಿನ ಸೋದರಮಾವನ ಮನೆಯಲ್ಲಿದ್ದ. ಮೂರನೆಯವನು ಬಾಳಕೃಷ್ಣ, ಓಣಿಯ ಬಾಯಿಗಿರುವ ಮರಾಠಿ ಟೇಲರನ ಮಗ. ನಾಲ್ಕನೆಯವನು ಇಕ್ಬಾಲ. ಅವನ ಮನೆ ನಮ್ಮ ಮನೆಗೆ ಬೆನ್ನು ಹಚ್ಚಿಕೊಂಡಿತ್ತು. ಅವನ ಅಮ್ಮಿ ನಿಪ್ಪಾಣಿಯವಳಾದ್ದರಿಂದ ನಮ್ಮಂತೆಯೇ ಕನ್ನಡ ಆಡುತ್ತಿದ್ದಳು. ಅವನೂ ನಮ್ಮೊಡನೆ ಕನ್ನಡ, ಟೇಲರ್ ಬಾಳೂನೊಡನೆ ಮರಾಠಿ, ಅವನ ಅಬ್ಬಾನೊಡನೆ ಉರ್ದು ಆಡುತ್ತಿದ್ದ. ಬುಗರಿ ಆಡುವುದರಲ್ಲಿ ನಾವು ಮೂವರೂ ಸೇರಿದರೂ ಅವನಿಗೆ ಸಮವಾಗುತ್ತಿರಲಿಲ್ಲ. ತಿರುಗುವ ಬುಗರಿಯನ್ನು ಹಗ್ಗದಿಂದಲೇ ಎತ್ತಿ ಅಂಗೈ ಮೇಲೆ ತಗೊಂಡು, "ನಿದ್ದಿ ಹತ್ತೇತಿ, ಗದ್ದಲ ಮಾಡಬ್ಯಾಡ್ರಿ," ಎನ್ನುತ್ತಿದ್ದ. ನಾವು ಉಸಿರು ಹಿಡಿದು ನೋಡುತ್ತಿದ್ದೆವು.

ಆ ವರ್ಷ ದೀಪಾವಳಿ ಸೂಟಿ ಮುಗಿಸಿ ಬಾಳಗೊಂಡ ಶಿರೋಳದಿಂದ ಬಂದಾಗ ಒಂದು ಡಬ್ಬಿ ಕಾಕವಿ ತಂದಿದ್ದ. ಸಾಲಿಯ ಹಿಂದಿನ ಗೋಡೆಗೆ ಕೂತು ನಾಲ್ವರೂ ತಂಗಳು ಭಕ್ರಿಯನ್ನು ಆ ಬೆಲ್ಲದ ಪಾಕದಲ್ಲಿ ಅದ್ದಿ ತಿಂದೆವು. ಕೈ ತೊಳೆಯದೆ ಒಳಗೆ ಓಡಿದೆವು. ಅಂದೇ ಹೊಸ ಗುರುಜಿ ಬಂದಿದ್ದರು.

ಅವರಿಗಿಂತ ಮುಂಚೆ ಇದ್ದ ವಯಸ್ಸಾದ ಶಿಕ್ಷಕಿ ನಮ್ಮನ್ನು ಬೆರಳಿನಲ್ಲಿ ತೋರಿಸಿ ಕರೆಯುತ್ತಿದ್ದರು. ಅವರಿಗೆ ನಾವು ನಾಲ್ವರು ಎಂದೂ ತೊಡಕಾಗಿರಲಿಲ್ಲ. ಹೊಸ ಗುರುಜಿ ಇಸ್ತ್ರಿ ಮಾಡಿದ ಬಿಳಿ ಅಂಗಿಯವರು, ಸಣ್ಣ ದನಿಯವರು. ಕಾಕವಿ ಮೆತ್ತಿದ ಕೈಗಳನ್ನು ಚಡ್ಡಿಗೆ ಒರೆಸಿಕೊಳ್ಳುತ್ತಿದ್ದ ನಮ್ಮ ಸಾಲಿನ ಕಡೆ ನೋಡಿ, ಮುಂದಿನ ಹುಡುಗನನ್ನು ನಿನ್ನ ಬೆನ್ನ ಹಿಂದೆ ಕೂತವನ ಹೆಸರೇನು ಎಂದು ಕೇಳಿದರು. ಅವನು ಬಾಳು ಅಂದ. ಗುರುಜಿ, "ಬಾಳೂ, ಉಠ!" ಎಂದರು. ನಾಲ್ವರೂ ಎದ್ದು ನಿಂತೆವು. ವರ್ಗವೆಲ್ಲ ನಕ್ಕಿತು.

"ಚೌಘೇ ಕಾ ಉಠಲಾತ? ಮಾಝೀ ಥಟ್ಟಾ ಕರತಾಯ?" ಎಂದು ಗುರುಜಿ ಕೇಳಿದರು. ನಾಲ್ವರೂ ಯಾಕೆ ಎದ್ದಿರಿ, ನನ್ನನ್ನು ಗೇಲಿ ಮಾಡುತ್ತೀರಾ ಎಂದು. ಚೇಷ್ಟೆ ಮಾಡುತ್ತಿದ್ದೇವೆಂದೇ ಅವರು ತಿಳಿದುಕೊಂಡಿದ್ದರು. ನಾಲ್ವರ ಹೆಸರೂ ಬಾಳು ಎಂದು ಟೇಲರ್ ಬಾಳು ಹೇಳಿದ. ಗುರುಜಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಇಕ್ಬಾಲನ ಮೇಲೆ ಅವರ ಕಣ್ಣು ತುಸು ಹೆಚ್ಚು ಹೊತ್ತು ನಿಂತಿತು. ಆಮೇಲೆ, ನಾಳೆ ಮನೆಯಲ್ಲಿ ಕೇಳಿಕೊಂಡು ಬನ್ನಿ, ನಿಮ್ಮ ನಿಮ್ಮ ಹೆಸರಿನ ಅರ್ಥ ಏನು, ಎಲ್ಲಿಂದ ಬಂತು ಎಂದು ಹೇಳಿ ಕೂರಿಸಿದರು.

ಮನೆಯಲ್ಲಿ ಮಾಡಿಕೊಂಡು ಬರಬೇಕಾದ ಆ ಅಭ್ಯಾಸ ನನಗೆ ಬಹಳ ಹಿಡಿಸಿತ್ತು. ಇವತ್ತಿಗೂ ಅನ್ನಿಸುತ್ತದೆ, ಅದಕ್ಕಿಂತ ಒಳ್ಳೆಯ ಅಭ್ಯಾಸವನ್ನು ಯಾವ ಮಾಸ್ತರೂ ಕೊಡಲಾರ. ಅದನ್ನು ಕೊಟ್ಟವನು ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡಿದ್ದ ಎಂಬುದು ನಮಗೆ ಗೊತ್ತಿರಲಿಲ್ಲ.

ಮನೆಗೆ ಬಂದಾಗ ಅವ್ವ ಕಾಂಡಿ ಸುತ್ತುತ್ತಿದ್ದಳು. ತಲೆಯ ಮೇಲೆ, ಹುಬ್ಬಿನ ಮೇಲೆ ಹತ್ತಿಯ ತುಪ್ಪಳ. ಮಷೀನಿನ ಎಣ್ಣೆ ಮತ್ತು ನೂಲಿಗೆ ಹಚ್ಚುವ ಗಂಜಿಯ ವಾಸನೆ ಅವಳ ಸೀರೆಗೆ ಯಾವಾಗಲೂ ಇರುತ್ತಿತ್ತು. ನಾನು ಕೇಳಿದೆ.

"ಅವ್ವಾ, ನನ್ನ ಹೆಸರಿಗೆ ಏನ ಅರ್ಥ?"

"ಬಾಳಪ್ಪ ಅಂದ್ರ ಬಾಳಪ್ಪ. ಅದಕ್ಕೇನ ಅರ್ಥ ಇರ್ತೇತಿ? ಕೈಕಾಲ ತೊಳಿ, ಝುಣಕ ಮಾಡೇನಿ."

"ಗುರುಜಿ ಕೇಳ್ಯಾರ. ನಾಳೆ ಹೇಳಬೇಕು."

ಅವ್ವ ಕಾಂಡಿಯ ಮಷೀನು ಬಂದ್ ಮಾಡಿದಳು. ಹಗಲಿನಲ್ಲಿ ಅವಳು ಮಷೀನು ನಿಲ್ಲಿಸಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ನಿನ್ನಕಿಂತ ಮದಲ ಎರಡ ಕೂಸ ಆಗಿದ್ದೂ. ಒಂದ ಹನ್ನೊಂದ ದಿನ ಇತ್ತು. ಇನ್ನೊಂದಕ್ಕ ಹೆಸರ ಇಡೂದೂ ಆಗಲಿಲ್ಲ. ನೀ ಹುಟ್ಟಿದಾಗ ಗಡಹಿಂಗ್ಲಜದಿಂದ ನಿಮ್ಮ ಅಮ್ಮ ಬಂದ್ಲು, ನಮ್ಮ ಅತ್ತಿ. ಎಲ್ಲಾರೂ ದೇವರ ಹೆಸರ ಹೇಳಾಕತ್ತಿದ್ರು. ಆಕಿ ಏನಂದ್ಲು ಗೊತ್ತೇನ? 'ಬ್ಯಾರೆ ಏನೂ ಬ್ಯಾಡ, ಬಾಳಪ್ಪ ಅನ್ರಿ. ದಿನಾ ಎಷ್ಟ ಸರತಿ ಕರೀತೇವಿ, ಅಷ್ಟ ಸರತಿ ಕೂಸಿಗೆ ಬಾಳು ಬಾಳು ಅಂದಂಗ ಆಗ್ತೇತಿ' ಅಂದ್ಲು. ಬದಕು ಅಂತ ಅರ್ಥ. ತಿಳೀತಿಲ್ಲೊ?"

ನಾನು ತಲೆಯಾಡಿಸಿದೆ. ಆ ಎರಡು ಕೂಸುಗಳ ಸುದ್ದಿ ನನಗೆ ಗೊತ್ತಿರಲಿಲ್ಲ. ಅವ್ವ ಮತ್ತೆ ಮಷೀನು ಚಾಲೂ ಮಾಡಿದಳು. ನಾನು ಝುಣಕ ತಿನ್ನುತ್ತ, ನನ್ನನ್ನು ದಿನಕ್ಕೆ ಎಷ್ಟು ಸಲ ಕರೆಯುತ್ತಾರೆಂದು ಲೆಕ್ಕ ಹಾಕುತ್ತ ಕೂತೆ.

ಸಂಜೆ ಬುಗರಿ ಆಡುವಾಗ ಉಳಿದವರ ಅರ್ಥಗಳೂ ಬಂದವು. ಟೇಲರನ ಮನೆಯಲ್ಲಿ ನಾಲ್ಕು ಹೆಣ್ಣಿನ ಮೇಲೆ ಹುಟ್ಟಿದ ಗಂಡು ಅವನು. ಮರಾಠಿಯಲ್ಲಿ ಬಾಳ ಎಂದರೆ ಕೂಸು. ತೊಟ್ಟಿಲ ಕೃಷ್ಣನ ಹೆಸರು ಇಟ್ಟಿದ್ದರು. ಬಾಳಗೊಂಡನದು ಅವನ ಮುತ್ತಜ್ಜನ ಹೆಸರು. ಅವರಲ್ಲಿ ಗಂಡಸರ ಹೆಸರಿನ ಕೊನೆಗೆ ಗೊಂಡ ಬರುತ್ತದೆ. ಆ ಮುತ್ತಜ್ಜ ಹೊಳೆಗೆ ಮಹಾಪೂರ ಬಂದಾಗ ಎತ್ತುಗಳನ್ನು ಈಜಿಸಿಕೊಂಡು ದಡ ಸೇರಿದ್ದನಂತೆ. ಅದನ್ನು ಹೇಳುವಾಗ ಬಾಳಗೊಂಡ ಎದ್ದು ನಿಂತು ಈಜಿ ತೋರಿಸಿದ.

ಇಕ್ಬಾಲನದು ಮಾತ್ರ ಸಿಕ್ಕಿರಲಿಲ್ಲ. ನಾಲ್ವರೂ ಅವನ ಅಂಗಳಕ್ಕೆ ಹೋದೆವು. ಅಮ್ಮಿ ಅಕ್ಕಿ ಹಸನು ಮಾಡುತ್ತಿದ್ದಳು.

"ಇಕ್ಬಾಲ್ ಅಂದ್ರ ನಸೀಬ ತೆರಿಯೂದು ಬೇಟಾ. ಮ್ಯಾಲ ಬರೂದು," ಎಂದಳು.

"ಮತ್ತ ಬಾಳು ಅಂದ್ರ?" ಬಾಳಗೊಂಡ ಕೇಳಿದ.

ಅಮ್ಮಿ ನಕ್ಕಳು. "ಅದನ್ನ ಇವರವ್ವನ್ನ ಕೇಳ್ರಿ," ಎಂದು ನನ್ನ ಕಡೆ ತೋರಿಸಿದಳು. "ಇಬ್ಬರೂ ಒಂದ ಶೆಡ್ಡಿನ್ಯಾಗ ಕಾಂಡಿ ಸುತ್ತತಿದ್ದಿವಿ. ನಿಮ್ಮಿಬ್ಬರಿಗೂ ಒಂದ ತೊಟ್ಟಿಲಾ. ನಾ ಮಷೀನಿನ ಮ್ಯಾಲ ಇದ್ದಾಗ ಆಕಿ ತೂಗಾಕಿ. ಆ ಗದ್ದಲದಾಗ ಇಕ್ಬಾಲ್ ಅನ್ನಾಕ ಆಕಿ ನಾಲಗಿ ಹೊರಳ್ತಿದ್ದಿಲ್ಲ. ಇಬ್ಬರಿಗೂ ಬಾಳು ಬಾಳು ಅಂತ ತೂಗತಿದ್ಲು. ನಾನೂ ಬಾಲು ಅಂತ ಕರ್ಯಾಕ ಹತ್ತಿದೆ. ಇಕ್ಬಾಲದಾಗೂ ಬಾಲ್ ಐತಿ ಅಲ್ಲಾ!"

ಹೌದು, ಅಮ್ಮಿಯ ಬಾಯಲ್ಲಿ ಅದು ಬಾಲು. ನಮ್ಮ ಬಾಯಲ್ಲಿ ಬಾಳು. ಇಕ್ಬಾಲ ಎರಡಕ್ಕೂ ಓಗೊಡುತ್ತಿದ್ದ. ಅಂದು ಮನೆಗೆ ಹೋಗುವಾಗ ನಮಗೆ ದೊಡ್ಡದೊಂದು ಗಂಟು ಸಿಕ್ಕ ಹಾಗಾಗಿತ್ತು. ಎರಡಕ್ಷರ, ನಾಲ್ಕು ಮನೆ, ನಾಲ್ಕು ದಾರಿ.

ಮರುದಿನ ಗುರುಜಿ ಮೊದಲು ಟೇಲರ್ ಬಾಳೂನನ್ನು ಎಬ್ಬಿಸಿದರು. ಅವನು ಹೇಳಿದ್ದಕ್ಕೆ "ಶಾಬಾಸ್" ಎಂದರು. ಹಲಗೆಯ ಮೇಲೆ 'ಬಾಳ' ಎಂದು ಬರೆದು, ಮುಂದೆ ಗೀಟು ಎಳೆದು, ಕೂಸು ಎಂಬ ಅರ್ಥ ಬರೆದರು. ಇದು ಸಂಸ್ಕೃತದಿಂದ ಬಂದ ಶಬ್ದ, ಜಗತ್ತಿನ ಎಲ್ಲ ಬಾಳೂಗಳೂ ಇಲ್ಲಿಂದಲೇ ಹುಟ್ಟಿದ್ದು ಎಂದರು. ಬಾಳಗೊಂಡ ಮುತ್ತಜ್ಜನ ಕಥೆ ಶುರು ಮಾಡುವಷ್ಟರಲ್ಲಿ ಕೈ ಮಾಡಿ ಕೂರಿಸಿದರು. ನಾನು ಎದ್ದು, ಗಡಹಿಂಗ್ಲಜದ ಅಮ್ಮ ಇಟ್ಟದ್ದು, ಕನ್ನಡದಲ್ಲಿ ಬಾಳು ಎಂದರೆ ಬದುಕು ಎಂದು ಅರ್ಥ, ನನ್ನ ಅವ್ವ ಹೇಳಿದ್ದಾಳೆ ಎಂದೆ.

"ತುಝ್ಯಾ ಆಯೀಲಾ ಕಾಯ ಕಳತಂಯ ರೇ?"

ನಿನ್ನ ತಾಯಿಗೇನು ತಿಳಿಯುತ್ತದೆ! ಇಷ್ಟು ವರ್ಷಗಳಾದವು, ಆ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟು ಮೂರನೆಯದಕ್ಕೆ ಇಟ್ಟ ಹೆಸರು ಅದು. ಅದರ ಅರ್ಥ ತಾಯಿಗೆ ತಿಳಿಯದೆ ಹಲಗೆಗೆ ತಿಳಿಯುತ್ತದೆಯೇ? ಗುರುಜಿ ಅಷ್ಟಕ್ಕೇ ನಿಲ್ಲಲಿಲ್ಲ. ಬಾಳಪ್ಪ ಎಂಬುದು ಹಳ್ಳಿಗರ ಹೆಸರು, ಬಾಳಾಸಾಹೇಬ ಎಂದು ಬರೆಯುತ್ತೇನೆ, ಚಂದ ಕಾಣುತ್ತದೆ ಎಂದು ಹೇಳಿ, ಹಜೇರಿ ಪುಸ್ತಕ ತೆರೆದು ನನ್ನ ಹೆಸರಿನ ಮೇಲೆ ಗೀಟು ಹೊಡೆದರು. ನಮ್ಮ ಮನೆಯ ನಾಯಿಯ ಹೆಸರು ಬದಲಿಸುವಾಗಲೂ ನಾವು ಒಂದು ಮಾತು ಕೇಳಿಕೊಳ್ಳುತ್ತಿದ್ದೆವು.

ಕೊನೆಗೆ ಇಕ್ಬಾಲ ಎದ್ದ. ಅವನು ಅರ್ಥ ಹೇಳುವ ಮೊದಲೇ ಗುರುಜಿ, "ತೂ ಕಸಲಾ ಬಾಳೂ?" ಎಂದರು. ನೀನೆಂಥ ಬಾಳು?

"ಸಗಳೇ ಮ್ಹಣತಾತ, ಗುರುಜಿ," ಎಂದ ಅವನು. ಎಲ್ಲರೂ ಹಾಗೆ ಅಂತಾರೆ, ಗುರುಜಿ.

ಗುರುಜಿ ವರ್ಗದ ಕಡೆ ತಿರುಗಿ, ಇನ್ನು ಮುಂದೆ ಇವನನ್ನು ಯಾರೂ ಆ ಹೆಸರಿನಿಂದ ಕರೆಯಬಾರದು, ಅದು ನಮ್ಮ ಹೆಸರು, ಇವನಿಗೆ ಇವನ ಹೆಸರಿದೆ, ಕರೆದವರಿಗೆ ಅಳತೆಪಟ್ಟಿಯ ಏಟು ಎಂದರು. ಅದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಪಾಠ ಹೇಳುವ ದನಿಯಲ್ಲೇ ಹೇಳಿದರು. ಇಕ್ಬಾಲ ಕೂತ. ಅವನು ನಸೀಬ ತೆರೆಯುವ ಅರ್ಥವನ್ನು ಒಂದು ಕಾಗದದ ಚೂರಿನ ಮೇಲೆ ಬರೆದು ತಂದಿದ್ದ. ಅದನ್ನು ಮಡಚಿ ಕಿಸೆಗೆ ಹಾಕಿಕೊಂಡ.

ಮಧ್ಯಾಹ್ನದ ಸೂಟಿಯಲ್ಲಿ ಬಾಳಗೊಂಡ ಕುದಿಯುತ್ತಿದ್ದ. "ನಾಳೆ ಗುರುಜಿ ಬಾಳು ಅನ್ಲಿ, ನಾಕೂ ಮಂದಿ ಏಳೂಣು. ಯಾವಾಗ ಅಂದ್ರೂ ನಾಕೂ ಮಂದಿ. ಎಷ್ಟ ಹೊಡೀತಾರ ಹೊಡೀಲಿ," ಎಂದ. ನಾನೂ ಟೇಲರ್ ಬಾಳೂನೂ ಹೂಂ ಅಂದೆವು. ಬಾಳಗೊಂಡ ಹೆಗಲು ಅಲುಗಿಸಿದ ಮೇಲೆ ಇಕ್ಬಾಲನೂ ಹೂಂ ಎಂದ.

ಮರುದಿನ ಗುರುಜಿ ಕವಿತೆ ಓದಲು, "ಬಾಳೂ," ಎಂದು ಟೇಲರನ ಮಗನ ಕಡೆ ನೋಡಿ ಕರೆದರು. ನಾಲ್ವರೂ ಎದ್ದೆವು. ಗುರುಜಿ ಪುಸ್ತಕ ಕೆಳಗಿಟ್ಟರು. ನಮ್ಮ ಮೂವರ ಕಡೆ ನೋಡಲೇ ಇಲ್ಲ. ನೇರ ಇಕ್ಬಾಲನ ಬಳಿಗೆ ಬಂದು ಕೈ ಮುಂದೆ ಮಾಡು ಎಂದರು. ಕಟ್ಟಿಗೆಯ ಪಟ್ಟಿಯನ್ನು ಅಡ್ಡ ಹಿಡಿದು ಬೆರಳ ಗಿಣ್ಣಿನ ಮೇಲೆ ಹೊಡೆದರು. ಬುಗರಿ ಮಲಗಿಸುವ ಕೈ ಅದು. ಒಂದು, ಎರಡು, ಮೂರು. ಎದ್ದವರು ನಾಲ್ವರು, ಹೊಡೆತ ಒಬ್ಬನಿಗೆ.

ಬಾಳಗೊಂಡ, "ಗುರುಜಿ, ಮೀ ಪಣ ಉಠಲೋಯ," ಎಂದ. ನಾನೂ ಎದ್ದಿದ್ದೇನೆ ಎಂದು. ಅವನಿಗೆ ಕೂತುಕೋ ಎಂದರು. ಅವನು ನಿಂತೇ ಇದ್ದ. ಟೇಲರ್ ಬಾಳು ಅಳುತ್ತ ನಿಂತಿದ್ದ. ಆಮೇಲೆ ಗುರುಜಿ ನನ್ನ ಕಡೆ ನೋಡಿದರು.

ನಾನು ಕೂತೆ.

ಗುರುಜಿ ನನಗೆ ಕೂತುಕೋ ಎಂದಿರಲೂ ಇಲ್ಲ.

ಮಧ್ಯಾಹ್ನದ ಸೂಟಿಯಲ್ಲಿ ಮನೆಗೆ ಬಂದು ಅವ್ವನ ಮುಂದೆ ಎಲ್ಲ ಹೇಳಿದೆ. ನಾನು ಕೂತದ್ದನ್ನು ಮಾತ್ರ ಕೊನೆಗೆ ಹೇಳಿದೆ. ಅವ್ವ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅಪ್ಪ ಊಟಕ್ಕೆ ಬಂದಾಗ ಹೇಳಿದಳು. ಅಪ್ಪ, "ಸಾಲಿ ಸಂಗಾಟ ಜಗಳ-ಭಾಂಡಣ ಬ್ಯಾಡ. ನಾವು ಇನ್ನೊಬ್ಬರ ಊರಾಗ ಅದೇವಿ," ಎಂದ. "ಹುಟ್ಟಿದ್ದ ಈ ಜಿಲ್ಲಾದಾಗ, ಸಾಯೂದ ಈ ಜಿಲ್ಲಾದಾಗ. ಇನ್ನೊಬ್ಬರ ಊರ ಹ್ಯಾಂಗ ಆತು?" ಎಂದಳು ಅವ್ವ. ಅಪ್ಪ ಎದ್ದು ಕೈತೊಳೆದ.

ಅವ್ವ ಮೊದಲು ಹಿಂದಿನ ಮನೆಗೆ ಹೋದಳು. ಅಮ್ಮಿ ಇಕ್ಬಾಲನ ಬೆರಳಿಗೆ ಅರಿಷಿಣ ಹಚ್ಚುತ್ತಿದ್ದಳು. ನಡಿ ಸಾಲಿಗೆ ಹೋಗೂಣು ಎಂದರೆ ಅಮ್ಮಿ ಒಪ್ಪಲಿಲ್ಲ.

"ಬ್ಯಾಡ ಅಕ್ಕಾ. ನೀವು ಬೈದ ಬರ್ತೀರಿ. ನಾಳೆ ಅಲ್ಲೆ ಕೂಡಾವ ಇವನ."

"ನೀ ಬರಬ್ಯಾಡ. ನಾ ಹೋಗ್ತೇನಿ. ಆ ಹೆಸರ ಇಟ್ಟಾಕಿ ನಾನ ಅಲ್ಲಾ?"

ತುಪ್ಪಳ ಮೆತ್ತಿದ ತಲೆಯಲ್ಲೇ ಅವ್ವ ಸಾಲಿಗೆ ನಡೆದಳು. ನಾನು ಹಿಂದಿನಿಂದ ಓಡಿದೆ. ವರ್ಗ ನಡೆದಿತ್ತು. ಅವ್ವ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಮಾಸ್ತರ, ಮಾಝಂ ಮರಾಠಿ ಮೋಡಕಂ-ತೋಡಕಂ ಆಹೆ," ಎಂದು ಶುರು ಮಾಡಿದಳು. ನನ್ನ ಮರಾಠಿ ಹರಕುಮುರುಕು ಎಂದು ಹೇಳಿ, ಎರಡು ಮಾತಿನ ನಂತರ ಮರಾಠಿಯನ್ನು ಕೈಬಿಟ್ಟಳು. "ಆ ಕೂಸಿಗ್ಯಾಕ ಹೊಡದ್ರಿ?"

ಗುರುಜಿಗೆ ಕನ್ನಡ ತಿಳಿಯುತ್ತಿತ್ತೆಂದು ಅಂದೇ ನಮಗೆ ಗೊತ್ತಾದದ್ದು. ಅವರು ಮರಾಠಿಯಲ್ಲೇ, ಅವನು ಹೇಳಿದ ಮಾತು ಕೇಳಲಿಲ್ಲ, ಶಿಸ್ತಿನ ಪ್ರಶ್ನೆ ಎಂದರು.

"ಎದ್ದವರು ನಾಕ ಮಂದಿ. ನಾಕೂ ಮಂದಿಗೆ ಹೊಡದಿದ್ರ ನಾ ಬರ್ತಿದ್ದಿಲ್ಲ. ನನ್ನ ಮಗಗ ಹೊಡೀರಿ. ಹೊಡೀರಿ ಈಗ, ನನ್ನ ಮುಂದ."

"ಬಾಯಿ, ತೋ ಬಾಳೂ ನಾಹೀ," ಎಂದರು ಗುರುಜಿ. ಅವನು ಬಾಳು ಅಲ್ಲ.

ಅವ್ವನ ದನಿ ಏರಿತು. ಮಾಗದ ಮೇಲೆ ಹಾಯಿಸಿ ರೂಢಿಯಾದ ದನಿ ಅದು. ಪಕ್ಕದ ವರ್ಗಗಳು ಸುಮ್ಮನಾದವು.

"ಯಾರ ಹೇಳಿದ್ರು ಅಲ್ಲ ಅಂತ? ನನ್ನ ಕೂಸು ಆ ಕೂಸು ಒಂದ ತೊಟ್ಟಿಲದಾಗ ಹಾಕಿ ನಾ ತೂಗೇನಿ. ಎರಡೂ ಬದುಕಲಿ ಅಂತ ಇಬ್ಬರಿಗೂ ಬಾಳು ಅಂದೇನಿ. ಕೂಸಿಗೆ ಬಾಳು ಅನ್ನಾಕ ನಿಮ್ಮ ಅಪ್ಪಣಿ ಬೇಕೇನ್ರಿ ಮಾಸ್ತರ? ಅವಗ ಬಾಳು ಅನಬ್ಯಾಡ್ರಿ ಅಂದ್ರ ಏನ ಅನ್ನೂಣ್ರಿ? ಸಾಯಿ ಅನ್ನೂಣೇನ?"

ಗುರುಜಿಯ ಮೋರೆ ಕೆಂಪಾಯಿತು. ಅಷ್ಟರಲ್ಲಿ ಹೆಡ್ ಗುರುಜಿ ಬಂದರು. ಅವ್ವನನ್ನು ಹೊರಗೆ ಕರೆದೊಯ್ದು ಸಮಾಧಾನದ ಮಾತು ಹೇಳಿದರು. ನನ್ನ ಹೆಸರನ್ನು ಮತ್ತೆ ಬಾಳಪ್ಪ ಎಂದೇ ಬರೆಸುತ್ತೇನೆ, ಇಕ್ಬಾಲನಿಗೆ ಯಾರೂ ಕೈ ಹಚ್ಚದಂತೆ ನೋಡಿಕೊಳ್ಳುತ್ತೇನೆ ಎಂದರು. ಅವ್ವ ನಂಬಿದಳು. ಓದು ಬಾರದವಳು ಬರವಣಿಗೆಯನ್ನು ನಂಬುವಷ್ಟು ಓದಿದವರು ನಂಬುವುದಿಲ್ಲ.

ಮರುದಿನದಿಂದ ಗುರುಜಿ ಹಜೇರಿಯನ್ನು ನಂಬರಿನ ಮೇಲೆ ಕರೆಯತೊಡಗಿದರು. ಪ್ರಶ್ನೆ ಕೇಳುವಾಗಲೂ ನಂಬರು. ಇಕ್ಬಾಲನ ನಂಬರು ಬಂದರೆ ಅವರು ತಲೆ ಎತ್ತುತ್ತಿರಲಿಲ್ಲ. ಹೊಡೆಯಲಿಲ್ಲ, ನಿಜ. ಅವನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಅವನ ಅಬ್ಬಾ ಅವನನ್ನು ಊರೊಳಗಿನ ಉರ್ದು ಸಾಲಿಗೆ ಹಾಕಿದ. ಮುಂದೆರಡು ವರ್ಷಕ್ಕೆ ಅವರು ಮನೆ ಬದಲಿಸಿದರು. ಅವನೇ ಆ ಹೆಸರನ್ನು ಬಿಟ್ಟುಕೊಟ್ಟ, ಕರೆದರೆ ಓಗೊಡುವುದನ್ನು ನಿಲ್ಲಿಸಿದ ಎಂದು ನಾನು ಬಹಳ ಕಾಲ ತಿಳಿದಿದ್ದೆ.

ನನ್ನ ಹೆಸರಂತೂ ತಿದ್ದಲೇ ಇಲ್ಲ. ಸಾಲಿ ಬಿಟ್ಟ ದಾಖಲೆ ಕೈಗೆ ಬಂದಾಗ ಅದರಲ್ಲಿ ಬಾಳಾಸಾಹೇಬ ಇದ್ದ. ಅಲ್ಲಿಂದ ಅವನು ನನ್ನ ಮತದಾರರ ಚೀಟಿಗೆ ಬಂದ, ಬ್ಯಾಂಕಿಗೆ ಬಂದ, ಆಧಾರ್ ಕಾರ್ಡಿಗೂ ಬಂದ. ಕೊಲ್ಹಾಪುರದಲ್ಲಿ ಪಂಪಿನ ಬಿಡಿಭಾಗಗಳ ಅಂಗಡಿ ಹಾಕಿದಾಗ ಬೋರ್ಡಿನ ಮೇಲೂ ಅವನೇ ಬಂದು ಕೂತ. ಟಪಾಲು ಬಂದಾಗಲೆಲ್ಲ ಅವ್ವ, "ಮತ್ತ ಬಂತ ನೋಡ ಆ ಸಾಹೇಬನ ಪತ್ರ," ಎಂದು ಕಾಗದವನ್ನು ನನ್ನ ಕಡೆ ಎಸೆಯುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು.

ಕಬನೂರಿಗೆ ಈಗಲೂ ಹೋಗುತ್ತೇನೆ. ನಮ್ಮ ಓಣಿಯ ತುದಿಯಲ್ಲಿ ಬೆಳಿಗ್ಗೆ ಬೇರೆ ಬೇರೆ ಬಣ್ಣದ ಸಾಲಿ ಬಸ್ಸುಗಳು ನಿಲ್ಲುತ್ತವೆ. ಒಂದರಲ್ಲಿ ಒಂದು ಜಾತಿಯವರ ಮಕ್ಕಳು, ಇನ್ನೊಂದರಲ್ಲಿ ಇನ್ನೊಬ್ಬರ ಮಕ್ಕಳು, ಮೂರನೆಯದರಲ್ಲಿ ದುಡ್ಡಿದ್ದವರ ಮಕ್ಕಳು. ಗೋಡೆಗೆ ಗೋಡೆ ಹತ್ತಿದ ಮನೆಗಳಿಂದ ಹೊರಟು ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ನಮ್ಮ ಗುರುಜಿ ಒಂದು ವರ್ಗದೊಳಗೆ ಮಾಡಲು ಹೆಣಗಿದ ಕೆಲಸವನ್ನು ಈಗ ತಂದೆತಾಯಂದಿರೇ ಫೀ ಕೊಟ್ಟು ಮಾಡಿಸುತ್ತಿದ್ದಾರೆ. ಇದರ ವಿರುದ್ಧ ಯಾರ ಮನೆಯಿಂದಲೂ ಒಬ್ಬ ಹೆಂಗಸು ಚಪ್ಪಲಿ ಬಿಟ್ಟು ಒಳಗೆ ನುಗ್ಗಿದ್ದು ನಾನು ಕೇಳಿಲ್ಲ.

ಕಳೆದ ಚಳಿಗಾಲದಲ್ಲಿ ಎರಕದ ಮಾಲು ನೋಡಲು ಕೊಲ್ಹಾಪುರದ ಹತ್ತಿರದ ಶಿರೋಳಿಯ ಕಾರ್ಖಾನೆಯೊಂದಕ್ಕೆ ಹೋಗಿದ್ದೆ. ಅಚ್ಚು ಮಾಡುವ ವಿಭಾಗದಲ್ಲಿ ಮೇಸ್ತ್ರಿಯೊಬ್ಬ ಕಟ್ಟಿಗೆಯ ಅಚ್ಚೊಂದನ್ನು ಅಂಗೈ ಮೇಲಿಟ್ಟು ತಿರುಗಿಸಿ ನೋಡುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ಇಕ್ಬಾಲ. ಅವನೇ ಮೊದಲು ಗುರುತು ಹಿಡಿದ. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಚಹಾ ಹೇಳಿದ. ಮಕ್ಕಳ ಸುದ್ದಿ, ಮಂಡಿ ನೋವಿನ ಸುದ್ದಿ ಆದವು. ಕೊನೆಗೆ ನಾನು ಆ ಗುರುಜಿಯ ಮಾತು ತೆಗೆದು ಬೈಯತೊಡಗಿದೆ. ನಾನು ಕೂತದ್ದನ್ನೂ ಹೇಳಿದೆ, ಕ್ಷಮಿಸು ಎಂದೆ.

ಅವನು ಚಹಾ ಆರಿಸಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡು ಹೇಳಿದ. "ಹೊಡದದ್ದು ಏನಲ್ಲೊ. ಅವತ್ತ ನೀ ಕೂತಿದ್ದೂ ನನಗ ಗೊತ್ತಿಲ್ಲ, ನಾ ಕೈ ನೋಡ್ಕೋತ ನಿಂತಿದ್ನಿ. ಅದಾದಮ್ಯಾಲಿಂದ ನೆನಪೈತಿ. ನೀವು ಮೂವರೂ ದಿನಾ ಆಡಾಕ ಬರ್ತಿದ್ರಿ. ಆದ್ರ ಹೆಸರ ಹಿಡದು ಯಾರೂ ಕರೀಲಿಲ್ಲ. ಬಾಳು ಅನ್ನಾಕ ಅಂಜಿಕಿ, ಇಕ್ಬಾಲ್ ಅನ್ನಾಕ ರೂಢಿ ಇಲ್ಲ. 'ಏ' ಅಂತಿದ್ರಿ. 'ಏ, ಬುಗರಿ ಒಗಿ.' ನಾ ದಾರಿ ನೋಡಿದೆ, ಇವತ್ತ ಅಂತಾರ, ನಾಳೆ ಅಂತಾರ ಅಂತ."

ಇಷ್ಟು ವರ್ಷ ಒಬ್ಬ ಮಾಸ್ತರನ ಮೇಲೆ ಸಿಟ್ಟು ಕಟ್ಟಿಕೊಂಡು ತಿರುಗಿದ್ದೆ. ಓಣಿಯಲ್ಲಿ, ಮನೆಯ ಅಂಗಳದಲ್ಲಿ, ಆ ಮಾಸ್ತರನ ಪಟ್ಟಿ ಎಂದೂ ಮುಟ್ಟದ ಜಾಗದಲ್ಲಿ, ಅವನ ಮಾತನ್ನು ಪಾಲಿಸಿದವರು ನಾವೇ.

"ನಿಮ್ಮವ್ವ ಅಂತಿದ್ಲು," ಎಂದ ಇಕ್ಬಾಲ. "ಇಚಲಕರಂಜಿ ಸಂತ್ಯಾಗ ಸಿಕ್ಕಾಗೆಲ್ಲ, ದೂರಿಂದನ, ಮಂದಿ ಎಲ್ಲ ತಿರಗಿ ನೋಡೂಹಂಗ. ಇಲ್ಲೆ ಎಲ್ಲಾರೂ ಇಕ್ಬಾಲಭಾಯಿ ಅಂತಾರ. ಅಮ್ಮಿ ಹೋದಮ್ಯಾಲ ಬಾಳು ಅಂತ ಕರಿಯಾಕಿ ಆಕಿ ಒಬ್ಬಾಕೀನ ಉಳದಿದ್ಲು."

ಕಾರ್ಖಾನೆಯ ಭೋಂಗಾ ಕೂಗಿತು. ಅವನು ಎದ್ದ, ನಾನೂ ಎದ್ದೆ. ಆಗ ನಾನು ಒಂದು ಸಲ ಕರೆಯಬಹುದಾಗಿತ್ತು. ಹತ್ತಿರದಲ್ಲಿ ಯಾರೂ ಇರಲಿಲ್ಲ, ತಡೆಯುವವರೂ ಇರಲಿಲ್ಲ. ನಾಲಿಗೆಯ ತುದಿಗೆ ಬಂತು.

"ಬರ್ತೇನಪಾ, ಇಕ್ಬಾಲ," ಎಂದೆ.